ನಡುಮನೆಯಲ್ಲಿ ಮಂಗಳಯಾತ್ರೆ

ಸ್ವಂತ ಮನೆಯೊಳಗೆ ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆಯುವ ಯಜಮಾನರು ಈ ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಒಬ್ಬನಂತೂ ಇದ್ದಾನೆ, ಅವನೇ ಈ ಕಥೆ ಹೇಳುತ್ತಿದ್ದಾನೆ. ಬೀದಿಬಾಗಿಲು ತೆರೆದು ಒಳಗೆ ಬಂದವನು ನೆಟ್ಟಗೆ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿಯೋಣವೆಂದರೆ ಸಾಧ್ಯವಿರಲಿಲ್ಲ. ಮಧ್ಯದಲ್ಲಿ ಮಂಗಳ ಗ್ರಹ ಬರುತ್ತಿತ್ತು. (ಬೇರೆಯವರ ಮನೆಗಳಲ್ಲಿ ಈ ಜಾಗವನ್ನು ನಡುಮನೆ ಎನ್ನುತ್ತಾರೆ.)

ಮಂಗಳ ಗ್ರಹವನ್ನು ಮನೆಯೊಳಗೆ ತಂದವರು ನನ್ನ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ. ಆದರೆ ಅದಕ್ಕಾಗಿ ದಿನವೂ ಬೈಸಿಕೊಳ್ಳುತ್ತಿದ್ದವನು ನಾನು. ನನ್ನ ಹೆಂಡತಿ ತಂದೆಯ ಎದುರು ಯಾವತ್ತೂ ಧ್ವನಿ ಎತ್ತಿದವಳಲ್ಲ. ಎತ್ತದೆ ಉಳಿದ ಧ್ವನಿಯನ್ನೆಲ್ಲ ಜೋಪಾನವಾಗಿ ನನಗೋಸ್ಕರ ತೆಗೆದಿಡುತ್ತಾಳೆ.

ಮಾವನವರು ಆಯುಷ್ಯವಿಡೀ ನೆಲ ಅಳೆದ ಸರ್ವೇಯರು. ನಿವೃತ್ತರಾದರು, ಅತ್ತೆಯವರೂ ತೀರಿಕೊಂಡರು, "ಒಂದು ವಾರ ಇದ್ದು ಹೋಗ್ತೀನಿ" ಎಂದು ನಮ್ಮಲ್ಲಿಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ಟೇಪು ಹಿಡಿದು ಮನೆಯನ್ನೆಲ್ಲ ಅಳೆದು, "ಅಳಿಯಂದಿರೇ, ನಿಮ್ಮ ಅಡುಗೆಮನೆ ಮೂಲೆಮಟ್ಟಕ್ಕಿಲ್ಲ. ಬಚ್ಚಲು ಬಾಗಿಲು ಎಡಕ್ಕೆ ವಾಲಿದೆ. ಈ ಕಿಟಕಿ ಇಟ್ಟೋನು ಯಾರ್ರೀ, ಅವನಿಗೆ ಕಣ್ಣಿತ್ತಾ?" ಎಂದು ವರದಿ ಒಪ್ಪಿಸಿದರು. ಅಳೆಯಲು ಇನ್ನೇನೂ ಉಳಿಯದಾದಾಗ ಅದೇ ವಕ್ರ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಟೇಪನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕುಳಿತುಬಿಟ್ಟರು. ಮಾತಿಲ್ಲ, ಕಥೆಯಿಲ್ಲ. ಆ ದಿನಗಳಲ್ಲಿ ನನ್ನ ಹೆಂಡತಿ ಈರುಳ್ಳಿ ಹೆಚ್ಚದೆಯೂ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೂ ನೋಡಲಾಗುತ್ತಿರಲಿಲ್ಲ.

ಇಲ್ಲಿ ನನ್ನ ಪಾತ್ರ ಬರುತ್ತದೆ. ನಾನು ಕನ್ನಡಕದ ಅಂಗಡಿಯವನು. ಹಗಲೆಲ್ಲ ಊರವರ ಕಣ್ಣಿಗೆ ಗಾಜು ಕೂರಿಸಿ, ಸಂಜೆ ಮಂಗಳ ಗ್ರಹ ನೋಡುವುದು ನನ್ನ ಚಟ. ನನ್ನಂಥವರೇ ಇನ್ನಿಬ್ಬರು ಇದ್ದಾರೆ. ಒಬ್ಬರು ಎದುರು ಕಟ್ಟಡದ ಹಲ್ಲಿನ ಡಾಕ್ಟರು, ಇನ್ನೊಬ್ಬರು ತಿರುವಿನ ಬೇಕರಿಯವರು. ಮಂಗಳದ ಮೇಲೆ ಒಂದು ಯಂತ್ರದ ಬಂಡಿ ವರ್ಷಗಳಿಂದ ತೆವಳುತ್ತ ಒಂದು ದೊಡ್ಡ ಕುಳಿಯ ಕಡೆಗೆ ಹೊರಟಿತ್ತು. ಅದು ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ನೋಡಲಿ ಎಂದು ಇಂಟರ್‌ನೆಟ್ಟಿನಲ್ಲಿ ಹಾಕುತ್ತಿದ್ದರು. ಚಿತ್ರಗಳು ಕಪ್ಪು ಬಿಳುಪು, ತುಂಡು ತುಂಡು. ನಾವು ಮೂವರೂ ಸಂಜೆ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಸಭೆ ಸೇರಿ ಆ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಬಣ್ಣ ತುಂಬಿ, ದಿಗಂತದ ಮೇಲೆ ಕಾಣುವ ಉಬ್ಬು ಕುಳಿಯ ಅಂಚೋ ಅಥವಾ ಲೆನ್ಸಿನ ಮೇಲಿನ ಧೂಳೋ ಎಂದು ಗಂಟಲು ಕಟ್ಟುವ ತನಕ ವಾದ ಮಾಡುತ್ತಿದ್ದೆವು. ಇದರಿಂದ ಮಂಗಳ ಗ್ರಹಕ್ಕಾಗಲಿ ಭೂಮಿಗಾಗಲಿ ನಯಾಪೈಸೆಯ ಉಪಯೋಗವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ನಿಜ.

ಒಂದು ಸಂಜೆ, ಸುಮ್ಮನೆ ಕೂತ ಮಾವನವರನ್ನು ಕರೆದು ಈ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಈ ಬಂಡಿ ಎಲ್ಲಿಂದ ಹೊರಟಿದ್ದು? ಎಲ್ಲಿಗೆ ಬಂತು? ನಕ್ಷೆ ಎಲ್ಲಿ?"

"ನಕ್ಷೆ ಅದನ್ನ ಓಡಿಸೋರ ಹತ್ರ ಇರುತ್ತೆ ಮಾವ."

"ಅವರ ಹತ್ರ ಇದ್ರೆ ನಮಗೇನು ಬಂತು? ಅಳತೆ ಇಲ್ದೆ ಬರೀ ಚಿತ್ರ ನೋಡ್ತಾ ಕೂತಿದ್ದೀರಲ್ಲ, ನೀವೇನು ದೊಡ್ಡವರಾ, ಚಿಕ್ಕ ಮಕ್ಕಳಾ?"

ಮರುದಿನ ನಾನು ಅಂಗಡಿಯಿಂದ ಬಂದು ಬಾಗಿಲು ತೆರೆದರೆ ಮಾವನವರು ನಡುಮನೆಯ ನೆಲದ ಮೇಲೆ ಮಂಡಿಯೂರಿ, ಮಗಳ ಹೊಲಿಗೆ ಪೆಟ್ಟಿಗೆಯ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಕುರ್ಚಿ, ಮೇಜು, ಚಾಪೆ ಎಲ್ಲವೂ ಗೋಡೆಗೆ ಒತ್ತರಿಸಿಕೊಂಡು ನಿಂತಿದ್ದವು. ಕಾಲೊರಸು ಇರುವ ಕಡೆ ಬಂಡಿ ಹೊರಟ ಜಾಗ, ನಮ್ಮ ಮಲಗುವ ಕೋಣೆಯ ಹೊಸ್ತಿಲು ದೊಡ್ಡ ಕುಳಿಯ ಅಂಚು. ನಡುವೆ ಇರುವುದೆಲ್ಲ ಬಯಲು. ದಾರಿಯ ಬಂಡೆಗಳ ಬದಲು ನನ್ನ ಹೆಂಡತಿಯ ಗುಂಡಿಗಳು. ಬಂಡಿಯ ಬದಲು ನನ್ನ ಅಂಗಡಿಯ ಒಂದು ಹಳೇ ಕನ್ನಡಕದ ಡಬ್ಬಿ. ದಿನದ ಚಿತ್ರ ನೋಡಿ, ಬಂಡಿ ಎಷ್ಟು ದೂರ ಸಾಗಿದೆ ಎಂದು ಲೆಕ್ಕ ಹಾಕಿ, ಆ ಪ್ರಮಾಣಕ್ಕೆ ಡಬ್ಬಿಯನ್ನು ಒಂದು ಎಳ್ಳಷ್ಟೋ ಒಂದು ಕಡಲೆಯಷ್ಟೋ ಮುಂದಿಡುವುದು. ಮಾವನವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

"ಇನ್ಮೇಲೆ ಇದರ ಮೇಲೆ ಯಾರೂ ಕಾಲಿಡಬಾರದು" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಬಂಡಿ ಅಂಚು ಮುಟ್ಟೋವರೆಗೂ ಇಲ್ಲೇ ಇರ್ತೀನಿ ಮಗಳೇ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಹೋಗಬಾರದು. ಮುಟ್ಟಿದ ಮಾರನೇ ದಿನ ಹೊರಟೆ, ನಿಮ್ಮಕ್ಕನ ಮನೆಗೆ" ಎಂದರು.

ಮಾವನವರು ಬಹಳ ಸ್ವಾಭಿಮಾನಿ. ಕೆಲಸವಿಲ್ಲದೆ ಮಗಳ ಮನೆಯಲ್ಲಿ ಒಂದು ದಿನ ಹೆಚ್ಚು ಉಳಿದರೂ ಅವರಿಗೆ ಅನ್ನ ಇಳಿಯುವುದಿಲ್ಲ. ಈಗ ಕೆಲಸ ಸಿಕ್ಕಿತ್ತು, ಅದೂ ಬೇರೆ ಗ್ರಹದ್ದು. ಆದ್ದರಿಂದ ಇದ್ದರು. ಅವರ ವೀಸಾ ಆ ಕನ್ನಡಕದ ಡಬ್ಬಿಯೊಳಗಿತ್ತು ಎಂದರೂ ತಪ್ಪಿಲ್ಲ.

ಇನ್ನು ನನ್ನ ಹೆಂಡತಿಯ ಸಂಗತಿ. ಅವಳು ಪರದೆ ಹೊಲಿಯುತ್ತಾಳೆ. ಮನೆಗಳಿಗೆ, ಆಸ್ಪತ್ರೆಗಳಿಗೆ, ಒಮ್ಮೊಮ್ಮೆ ಶಾಲೆಗಳಿಗೆ. ಮಂಗಳ ಗ್ರಹ ನಮ್ಮ ಮನೆಗೆ ಬಂದ ವಾರದಲ್ಲೇ ಒಂದು ಶಾಲೆಯವರು ವೇದಿಕೆಗೆ ದೊಡ್ಡ ಪರದೆ ಬೇಕೆಂದು ಬಟ್ಟೆಯ ಥಾನುಗಳನ್ನೇ ತಂದಿಳಿಸಿದರು. ಅಷ್ಟು ಬಟ್ಟೆಯನ್ನು ಹರವಿ ಕತ್ತರಿಸಲು ನಡುಮನೆಯ ನೆಲ ಬಿಟ್ಟರೆ ಬೇರೆ ಜಾಗವಿಲ್ಲ. ಆ ಪಾಪದವಳು ಹಾಸಿಗೆಯ ಮೇಲೆ ಬಟ್ಟೆ ಮಡಿಸಿ ಮಡಿಸಿ, ಮಡಿಕೆ ಬಿಚ್ಚಿ ಬಿಚ್ಚಿ ಒದ್ದಾಡುತ್ತಿದ್ದಳು. ಮಾವನವರು ಬೆಳಗಿನ ವಾಕಿಂಗಿಗೆ ಹೊರಗೆ ಕಾಲಿಟ್ಟರೋ ಇಲ್ಲವೋ, ನನಗೆ ಸುಪ್ರಭಾತ ಶುರು.

"ರೀ, ಈ ಮಂಗಳಕ್ಕೆ ಯಾವಾಗ ಮಂಗಳ ಹಾಡ್ತೀರಾ?"

"ನಾನೇನೇ ಮಾಡ್ಲಿ? ಬಂಡಿ ಹೋಗಬೇಕಲ್ಲ."

"ಬಂಡಿಯಂತೆ ಬಂಡಿ! ಬಸವನಹುಳು ಆದ್ರೂ ಇಷ್ಟೊತ್ತಿಗೆ ಹೋಗಿ, ಮದುವೆ ಮಾಡ್ಕೊಂಡು, ಮಕ್ಕಳ ಜೊತೆ ವಾಪಸ್ ಬಂದಿರೋದು. ನಂಗೆ ಹಾಲ್ ಬೇಕು. ಶಾಲೆಯವರಿಗೆ ನಾನೇನು ಹೇಳ್ಲಿ? ನಮ್ಮ ಹಾಲ್‌ನಲ್ಲಿ ಗ್ರಹ ಕೂತಿದೆ ಅಂತ ಹೇಳ್ಲಾ?"

"ಮಾವನಿಗೇ ಹೇಳು."

"ಅಪ್ಪಂಗೆ ನಾನು ಹೇಳೋದಾ? ಈ ಹುಚ್ಚು ಹಿಡಿಸಿದ್ದು ಯಾರು? ನೀವು. ಬಿಡಿಸೋದೂ ನೀವೇ."

ಹೀಗೆ ಅತ್ತ ಮಾವನವರ ಗ್ರಹಕ್ಕೂ ಇತ್ತ ಹೆಂಡತಿಯ ಆಗ್ರಹಕ್ಕೂ ನಡುವೆ ಸಿಕ್ಕಿ ಹಣ್ಣುಗಾಯಿ ನೀರುಗಾಯಿಯಾದೆ. ದಿನಾ ಸಂಜೆ ಸಭೆ ಮುಗಿದ ಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಎಷ್ಟು ದೂರ ಬಂತು?" ಎಂದು ತಪ್ಪದೆ ಕೇಳುತ್ತಿದ್ದಳು. ಉತ್ತರ ಕೇಳಿದರೆ ಮುಖ ಸಪ್ಪಗಾಗುತ್ತಿತ್ತು. ಇನ್ನೂ ಎಷ್ಟು ಹೋಗಬೇಕೋ ಎಂದು ಪಾಪ ಹೊಟ್ಟೆ ಉರಿದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ಹೆಂಡತಿಯ ಮುಖ ನೋಡಿಯೇ ಮನಸ್ಸು ಓದಬಲ್ಲೆ ಎಂಬ ಜಂಬ ನನಗೆ.

ಒಂದು ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುವಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಬಂಡಿ ಅಂಚು ಮುಟ್ಟಿದರೆ ನೆಲ ಖಾಲಿ. ನೆಲ ಖಾಲಿಯಾದರೆ ಪರದೆ. ಪರದೆಯಾದರೆ ನನ್ನ ಕಿವಿಗೆ ರಜೆ. ಮಂಗಳದ ಮೇಲಿನ ಬಂಡಿಯನ್ನು ತಳ್ಳಲು ನನ್ನಿಂದಾಗದು, ನಿಜ. ಆದರೆ ಕನ್ನಡಕದ ಡಬ್ಬಿ ಇಲ್ಲೇ ಬಿದ್ದಿದೆಯಲ್ಲ! ಮಾವನವರು ವಾಕಿಂಗಿಗೆ ಹೋಗಿದ್ದರು, ಹೆಂಡತಿ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಿದ್ದಳು. ಗೋಡೆ ಹಿಡಿದು ಬಾಗಿ, ಕಾಲು ಚಾಚಿ, ಹೆಬ್ಬೆರಳಿನಲ್ಲಿ ಡಬ್ಬಿಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದೆ. ಮನುಷ್ಯಕುಲ ಬಾಹ್ಯಾಕಾಶದಲ್ಲಿ ಇಟ್ಟ ಹೆಜ್ಜೆಗಳಲ್ಲಿ ಇಷ್ಟು ಕಳ್ಳಹೆಜ್ಜೆ ಇನ್ನೊಂದು ಇರಲಾರದು.

ಮಾವನವರನ್ನು ಓಡಿಸುವ ಉದ್ದೇಶ ನನಗಿತ್ತೇ ಎಂದು ನೀವು ಕೇಳಬಹುದು. ಖಂಡಿತ ಇರಲಿಲ್ಲ. ಅವರಿದ್ದರೆ ಮನೆಗೆ ಒಂದು ಗಾಂಭೀರ್ಯ, ಸಂಜೆಗೆ ಒಂದು ರುಚಿ. ಹೋಗುತ್ತಾರಲ್ಲ ಎಂದು ನೆನೆದಾಗ ಬೇಸರವೂ ಆಗುತ್ತಿತ್ತು. ಆದರೆ ಸ್ವಂತ ಮಗಳಿಗೇ ನೆಲ ಮುಖ್ಯವಾದಾಗ ಅಳಿಯನಾದ ನಾನು ಎಷ್ಟೆಂದು ಹಟ ಹಿಡಿಯಲಿ? ಹೀಗೆಂದು ಮನಸ್ಸಿಗೆ ಸಮಾಧಾನ ಹೇಳಿ ದಿನಾ ಬೆಳಿಗ್ಗೆ ತಳ್ಳಿದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ನೋಡಿದರೆ ಡಬ್ಬಿ ನಾನು ತಳ್ಳಿದ ಜಾಗದಲ್ಲೇ ಇರುತ್ತಿತ್ತು. ಊಟ ಮಾಡಿ, ಮಾವನವರು ಮಲಗಲು ಹೋದದ್ದು ನೋಡಿ, ನೆಮ್ಮದಿಯಿಂದ ಅಂಗಡಿಗೆ ಮರಳುತ್ತಿದ್ದೆ. ಆದರೆ ಸಂಜೆ ಸಭೆಗೆ ಬಂದು ನೋಡಿದರೆ ಅದು ನಿನ್ನೆಯ ಜಾಗಕ್ಕೇ ಬಂದು ಕೂತಂತೆ ಕಾಣುತ್ತಿತ್ತು! ನನಗೆ ಭ್ರಮೆಯೇ? ನಾನು ಕೊಂಚ ಹೆಚ್ಚು ತಳ್ಳಿದೆ. ಸಂಜೆಗೆ ಮತ್ತೆ ಅದೇ ಕಥೆ. ಗೇಣುದ್ದ ತಳ್ಳಿದೆ. ಊಹೂಂ. ಬೇರೆಯವರ ಕಣ್ಣು ಪರೀಕ್ಷೆ ಮಾಡುವ ಕುರ್ಚಿಯಲ್ಲಿ ಬಾಗಿಲು ಹಾಕಿಕೊಂಡು ನಾನೇ ಕೂತು ಅಕ್ಷರ ಓದಿ ನೋಡಿದೆ. ಕಣ್ಣು ಸರಿಯಾಗಿತ್ತು. ತಲೆ ಪರೀಕ್ಷೆ ಮಾಡುವ ಸಲಕರಣೆ ನನ್ನ ಅಂಗಡಿಯಲ್ಲಿ ಇಲ್ಲ.

ಸಂಜೆಯ ಸಭೆಗಳ ವೈಭವವನ್ನು ಒಂದಿಷ್ಟು ಹೇಳಬೇಕು. ಹಲ್ಲಿನ ಡಾಕ್ಟರಿಗೆ ಯಾವ ಬಂಡೆ ನೋಡಿದರೂ ದವಡೆ ಹಲ್ಲು. "ಇದರ ಬೇರು ನೋಡಿ, ಎಷ್ಟು ಹುಳುಕಾಗಿದೆ. ನನ್ನ ಕೇಳಿದ್ರೆ ಇದನ್ನ ಕೀಳಲೇಬೇಕು" ಎನ್ನುವರು. ಬೇಕರಿಯವರ ಜವಾಬ್ದಾರಿ ಬಣ್ಣ ತುಂಬುವುದು. ಅವರಿಗೆ ಮಂಗಳದ ಮಣ್ಣೆಲ್ಲ ಬನ್ನಿನ ಮೇಲ್ಮೈ. "ಈ ಭಾಗ ಹದವಾಗಿ ಬೆಂದಿದೆ. ಆ ಮೂಲೆ ಸ್ವಲ್ಪ ಸೀದಿದೆ" ಎಂದು ಬಣ್ಣ ಬಳಿಯುವರು. ಮಾವನವರು ಇಬ್ಬರನ್ನೂ ಗದರಿಸಿ, ಚಿತ್ರದಲ್ಲಿ ಚಕ್ರದ ಜಾಡು ಹುಡುಕಿ, ದೂರ ಹೇಳಿ, ಎಲ್ಲರೂ ಒಪ್ಪಿದ ಮೇಲೆ ಮಂಡಿಯೂರಿ ಡಬ್ಬಿಯನ್ನು ಸರಿಸುವರು. ಆ ಗಳಿಗೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಅಷ್ಟರಲ್ಲಿ ಅಲ್ಲಿ ಮೇಲೆ ಬಂಡಿ ನಿಂತುಬಿಟ್ಟಿತು. ಕೆಟ್ಟದ್ದಕ್ಕಲ್ಲ, ಒಂದು ಕಲ್ಲು ನೋಡಲಿಕ್ಕೆ! ಚಿತ್ರ ಬಂದದ್ದೆಲ್ಲ ಅದೇ ಕಲ್ಲಿನದು. ಎಡದಿಂದ ಕಲ್ಲು, ಬಲದಿಂದ ಕಲ್ಲು, ಹತ್ತಿರದಿಂದ ಕಲ್ಲು, ಇನ್ನೂ ಹತ್ತಿರದಿಂದ ಕಲ್ಲು. ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ. ಶಾಲೆಯವರು ಹೇಳಿದ ದಿನ ಹತ್ತಿರ ಬರುತ್ತಿತ್ತು. ಹೆಂಡತಿಗೆ ಈ ಸುದ್ದಿ ಹೇಗೆ ಹೇಳುವುದು?

"ಏನಂತೆ ಇವತ್ತು?" ಎಂದಳು ಬಾಗಿಲಲ್ಲಿ ನಿಂತು.

"ನಿಂತಿದೆ ಕಣೇ. ಕಲ್ಲು ನೋಡ್ತಿದೆ."

"ನೋಡ್ಲಿ ಬಿಡಿ, ಪಾಪ. ಅಷ್ಟು ದೂರ ಹೋಗಿದೆ, ನೋಡದೆ ಬರೋಕಾಗುತ್ತಾ?" ಎಂದು ಒಳಗೆ ಹೋಗಿ ನಾಲ್ವರಿಗೂ ಕೇಳದೆಯೇ ಚಹಾ ತಂದಿಟ್ಟಳು. ಸಕ್ಕರೆ ಧಾರಾಳವಾಗಿತ್ತು. ಬಂಡಿ ಕಲ್ಲಿನ ಮುಂದೆ ನಿಂತಷ್ಟು ದಿನವೂ ಚಹಾ ಹಾಗೇ ಇತ್ತು. ನಾನು ಇದನ್ನು ವ್ಯಂಗ್ಯ ಎಂದುಕೊಂಡು ಪ್ರತಿ ಗುಟುಕಿಗೂ ನಡುಗಿದೆ.

ಕೊನೆಗೂ ಬಂಡಿಗೆ ಕಲ್ಲು ಸಾಕಾಯಿತು. ಹೊರಟದ್ದು ಸುಮ್ಮನೆ ಹೊರಡಲಿಲ್ಲ, ಓಡಿತು. ಇಷ್ಟು ವರ್ಷ ಮೈಗಳ್ಳತನ ಮಾಡಿದ್ದಕ್ಕೆ ಯಾರೋ ಗದರಿಸಿದಂತೆ ಬಯಲನ್ನು ಅಡ್ಡ ಹಾದು ಸಾಗಿತು. ದಿಗಂತದ ಮೇಲಿನ ಉಬ್ಬು ದಿನದಿನಕ್ಕೂ ಬೆಳೆದು ಬೆಟ್ಟವಾಯಿತು. ಡಬ್ಬಿ ಹೊಸ್ತಿಲಿಗೆ ಹತ್ತಿರ ಹತ್ತಿರ ಬಂತು. ನಮ್ಮ ಸಭೆಯಲ್ಲಿ ಹಬ್ಬದ ಕಳೆ. ಅಡುಗೆಮನೆಯಿಂದ ಬರುವ ಚಹಾ ಮಾತ್ರ ತಣ್ಣಗೆ, ಸಪ್ಪೆ. ಲೋಟ ಇಡುವ ಸದ್ದಿಗೆ ಹಲ್ಲಿನ ಡಾಕ್ಟರು ಎರಡು ಸಲ ಬೆಚ್ಚಿದರು. ಇನ್ನೇನು ನೆಲ ಸಿಗುತ್ತಿದೆಯಲ್ಲ, ಈಗ ಯಾಕೆ ಇವಳ ಮುಖ ಹೀಗೆ ಎಂದು ನನಗೆ ಅರ್ಥವೇ ಆಗಲಿಲ್ಲ.

ಆ ಸಂಜೆ ಬಂತು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡತೊಡಗಿತು. ಮೊದಲು ಆಕಾಶ. ಆಮೇಲೆ ದೂರದಲ್ಲಿ, ಬಹಳ ದೂರದಲ್ಲಿ, ಮಂಜು ಮಂಜಾದ ಬೆಟ್ಟಗಳ ಸಾಲು. ಅದರ ಕೆಳಗೆ ಆಳವಾದ ದೊಡ್ಡ ಬಟ್ಟಲು. ಎಲ್ಲಕ್ಕಿಂತ ಕೆಳಗೆ, ಬಂಡಿಯ ಕಾಲಬುಡದಲ್ಲಿ, ನೆಲ ಥಟ್ಟನೆ ಮುಗಿದುಹೋಗಿತ್ತು. ಬಂಡಿ ಅಂಚಿನ ಮೇಲೆ ನಿಂತಿತ್ತು. ಡಾಕ್ಟರು ಹುಳುಕಿನ ಮಾತೆತ್ತಲಿಲ್ಲ, ಬೇಕರಿಯವರಿಗೆ ಬನ್ನು ನೆನಪಾಗಲಿಲ್ಲ. ಇಷ್ಟು ವರ್ಷ ಒಂಟಿಯಾಗಿ ನಡೆದು ಆ ಯಂತ್ರ ಸುರಕ್ಷಿತವಾಗಿ ತಲುಪಿತಲ್ಲ ಎಂದು ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಾವನವರು ಎದ್ದು, ಮಂಡಿಯೂರಿ, ಕೊನೆಯ ಬಾರಿ ಟೇಪು ಹಿಡಿದರು. ಡಬ್ಬಿಯನ್ನು ಸರಿಸಿದರು. ಅದರ ಮೂತಿ ಹೊಸ್ತಿಲಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ತಾಗಿ ನಿಂತಿತು.

"ತಾಳೆ ಆಯ್ತು!" ಎಂದರು. ಡಾಕ್ಟರು ಚಪ್ಪಾಳೆ ತಟ್ಟಿದರು.

ನಾನು ಕಣ್ಣು ಕಣ್ಣು ಬಿಟ್ಟೆ. ನಾನು ತಳ್ಳಿದ್ದೆಲ್ಲ ಎಲ್ಲಿ ಹೋಯಿತು? ಇಷ್ಟೊತ್ತಿಗೆ ಡಬ್ಬಿ ಹೊಸ್ತಿಲು ದಾಟಿ ನನ್ನ ಮಂಚದ ಕೆಳಗಿರಬೇಕಿತ್ತು! ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ನನ್ನ ಹೆಂಡತಿಯೂ ಅಷ್ಟೇ ಬೆರಗಿನಿಂದ ಡಬ್ಬಿಯನ್ನೇ ನೋಡುತ್ತಿದ್ದಳು.

"ಇನ್ನೊಂದು ಮಾತು" ಎಂದರು ಮಾವನವರು, ನಿಧಾನವಾಗಿ ಏಳುತ್ತ. "ಈ ಡಬ್ಬಿನ ದಿನಾ ಯಾರೋ ಸರಿಸ್ತಿದ್ರು."

ನಾನು ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಮಡಿಸಿಕೊಂಡೆ.

"ಸರ್ವೇಯರು ಬರೀ ಕಲ್ಲು ನೆಟ್ಟು ಸುಮ್ಮನಾಗಲ್ಲ. ಕಲ್ಲು ಕಿತ್ತು ಪಕ್ಕದ ಜಮೀನಿಗೆ ಇಡೋರನ್ನ ನಾನು ಜೀವಮಾನ ಪೂರ್ತಿ ನೋಡಿದ್ದೀನಿ. ಅದಕ್ಕೇ ದಿನಾ ಸಾಯಂಕಾಲ ಡಬ್ಬಿ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡ್ತಿದ್ದೆ. ವಾಕಿಂಗ್ ಮುಗಿಸಿ ಬಂದು ನೋಡಿದ್ರೆ ಡಬ್ಬಿ ಚುಕ್ಕಿಗಿಂತ ಮುಂದೆ. ಯಾರು ಏನು ಮಾಡ್ತಾರೆ ನೋಡೋಣ ಅಂತ ಮುಟ್ಟದೆ ಬಿಡ್ತಿದ್ದೆ. ಮಧ್ಯಾಹ್ನ ಮಲಗೆದ್ದು ನೋಡಿದ್ರೆ ಚುಕ್ಕಿಗಿಂತ ಹಿಂದೆ! ನೀವೆಲ್ಲ ಬರೋ ಮುಂಚೆ ಎತ್ತಿ ಚುಕ್ಕಿ ಮೇಲೆ ಇಡ್ತಿದ್ದೆ. ಎಷ್ಟು ದಿನ ಅಂತೀರಿ! ಬೆಳಿಗ್ಗೆ ಮುಂದೆ, ಮಧ್ಯಾಹ್ನ ಹಿಂದೆ."

ಬೇಕರಿಯವರು ಬಾಯಿ ತೆರೆದು ಕೇಳುತ್ತಿದ್ದರು.

"ಯಾರು ಅಂತ ಕಂಡುಹಿಡಿಯೋದು ಏನು ಕಷ್ಟ? ಬೆಳಿಗ್ಗೆ ಮನೆ ಗುಡಿಸೋದು ಯಾರು? ನಮ್ಮ ಮಗಳು. ತಪ್ಪು ಅನ್ನಲ್ಲಮ್ಮ. ನಿನಗೂ ಕೆಲಸ ಇದೆ, ಹಾಲ್ ಬೇಕು. ಬೇಗ ಮುಗೀಲಿ ಅಂತ ಮುಂದಕ್ಕೆ ತಳ್ಳಿದೆ. ನಾನಾಗಿದ್ರೂ ತಳ್ತಿದ್ದೆ."

ಚಹಾದ ತಟ್ಟೆ ಗಡಗಡ ಎಂದಿತು.

"ಆದ್ರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರೋದು ಯಾರು?" ಎನ್ನುತ್ತ ಮಾವನವರು ನನ್ನ ಕಡೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ಅಂಚು ಮುಟ್ಟಿದ್ರೆ ಮಾವ ಹೊರಟುಬಿಡ್ತಾರೆ, ಇನ್ನೊಂದೆರಡು ದಿನ ಇರಲಿ ಅಂತ ಕದ್ದು ಕದ್ದು ಹಿಂದಕ್ಕೆ ಎಳೀತಿದ್ರಲ್ಲ ಅಳಿಯಂದಿರೇ! ಹೆತ್ತ ಮಗನೂ ಹೀಗೆ ಮಾಡ್ತಿರಲಿಲ್ಲ." ಎಂದವರೇ ನನ್ನನ್ನು ಬರಸೆಳೆದು ಅಪ್ಪಿಕೊಂಡರು.

ಅವರ ಹೆಗಲ ಮೇಲಿನಿಂದ ನನಗೆ ನನ್ನ ಹೆಂಡತಿಯ ಮುಖ ಕಂಡಿತು. ಆಗ, ಆಗಷ್ಟೇ, ನನ್ನ ಮಂಕು ಬುದ್ಧಿಗೆ ಎಲ್ಲವೂ ಹೊಳೆಯಿತು. ಸಿಹಿ ಚಹಾ, ಸಪ್ಪೆ ಚಹಾ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆ. ನಾನು ಊಟ ಮುಗಿಸಿ ಅಂಗಡಿಗೆ ಹೋದ ಮೇಲೆ, ತಂದೆ ಮಲಗಿರುವಾಗ, ಎಳೆಯುತ್ತಿದ್ದವಳು ಇವಳು! ಅವಳಿಗೂ ಅದೇ ಗಳಿಗೆಯಲ್ಲಿ ತಳ್ಳುತ್ತಿದ್ದವನು ಯಾರೆಂದು ಹೊಳೆಯಿತು. ಅವಳ ಕಣ್ಣು ನೋಡಿದ ಮೇಲೆ ಮಾವನವರ ಅಪ್ಪುಗೆಯಿಂದ ಹೊರಬರುವ ಆತುರ ನನಗೆ ಸ್ವಲ್ಪವೂ ಇರಲಿಲ್ಲ. ಅಲ್ಲಿಯೇ ಸುರಕ್ಷಿತ ಅನಿಸಿತು.

"ಮಾವ, ಅದು ಹಾಗಲ್ಲ, ನಾನು..." ಎಂದು ಬಾಯಿ ತೆರೆದೆ. ಎಷ್ಟಾದರೂ ನನಗೂ ಒಂದು ಮನಸ್ಸಾಕ್ಷಿ ಇದೆ.

"ಏನೂ ಹೇಳಬೇಡಿ. ನೀವು ಹೇಳೋರಲ್ಲ, ನನಗೆ ಗೊತ್ತು" ಎಂದು ಅವರು ಬೆನ್ನು ತಟ್ಟಿದರು. ಹಲ್ಲಿನ ಡಾಕ್ಟರು ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು, "ಇಂಥ ಅಳಿಯ ಎಲ್ಲರಿಗೂ ಸಿಗಲ್ಲ ಸಾರ್" ಎಂದರು.

ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅವಳು ಕಾಯುತ್ತಿದ್ದಳು.

"ಬನ್ನಿ ಅಳಿಯಂದಿರೇ."

"ನೋಡೇ, ನಿನಗೋಸ್ಕರ ಮಾಡಿದ್ದು ನಾನು. ನೀನೇ ದಿನಾ ಹಾಲ್ ಬೇಕು ಹಾಲ್ ಬೇಕು ಅಂತ..."

"ಹಾಲ್ ಬೇಕು ಅಂದೆ. ಅಪ್ಪ ಬೇಡ ಅಂತ ನಾನು ಅಂದೆನಾ?"

"ಹಾಗಾದ್ರೆ ನನ್ನ ಯಾಕೆ ದಿನಾ ಬೈತಿದ್ದೆ?"

"ಮತ್ಯಾರನ್ನ ಬೈಲಿ?" ಎಂದಳು. ಪ್ರಶ್ನೆ ನ್ಯಾಯವಾಗಿಯೇ ಇತ್ತು. "ಅಪ್ಪ ಮತ್ತೆ ಆ ಕುರ್ಚೀಲಿ ಹಾಗೆ ಕೂತ್ರೆ ನನ್ನ ಕೈಲಿ ನೋಡೋಕಾಗಲ್ಲ. ಅದಕ್ಕೇ ಎಳೀತಿದ್ದೆ. ಎಷ್ಟು ಎಳೆದ್ರೂ ಬೆಳಿಗ್ಗೆ ಇದು ಮುಂದೇನೇ ಇರುತ್ತಲ್ಲ, ಈ ಹಾಳು ಬಂಡಿ ರಾತ್ರಿಯೆಲ್ಲ ಓಡುತ್ತಾ ಅಂತ ನಿದ್ದೆ ಬರ್ತಿರಲಿಲ್ಲ ನಂಗೆ. ಕೊನೆಗೆ ನೋಡಿದ್ರೆ ಬಂಡಿ ಪಕ್ಕದಲ್ಲೇ ಗೊರಕೆ ಹೊಡೀತಿತ್ತು!"

"ಈಗಲೇ ಹೋಗಿ ನಿಜ ಹೇಳಿಬಿಡ್ತೀನಿ."

"ಹೇಳಿ ನೋಡಿ! ಅಳಿಯ ತಳ್ತಿದ್ದ ಅಂತ ಗೊತ್ತಾದ್ರೆ ಈಗಲೇ ಪೆಟ್ಟಿಗೆ ಕಟ್ತಾರೆ. ಸುಮ್ಮನಿರಿ" ಎಂದವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಾನೂ ಹೇಳಲ್ಲ. ಆದ್ರೆ..." ಎಂದು ನಿಲ್ಲಿಸಿದಳು. ಆ "ಆದ್ರೆ" ಅಲ್ಲಿಯೇ ನಿಂತಿತು. ಇವತ್ತಿಗೂ ಮುಂದಕ್ಕೆ ಹೋಗಿಲ್ಲ.

ಅಷ್ಟರಲ್ಲಿ ನಮ್ಮ ಮಲಗುವ ಕೋಣೆಯಿಂದ ಟೇಪು ಎಳೆಯುವ ಸದ್ದು ಕೇಳಿತು. ಓಡಿಹೋಗಿ ನೋಡಿದೆ. ಮಾವನವರು ಮಂಚದ ಒಂದು ಕಡೆ, ಡಾಕ್ಟರು ಇನ್ನೊಂದು ಕಡೆ.

"ನಾಳೆ ಹೊರಡೋಣ ಅಂತಿದ್ದೆ" ಎಂದರು ಮಾವನವರು ಸಂಕೋಚದಿಂದ. "ಆದ್ರೆ ನಿಮ್ಮ ಪ್ರೀತಿ ನೋಡಿದ ಮೇಲೆ ಮನಸ್ಸು ಬರ್ತಿಲ್ಲ. ಕೆಲಸಾನೂ ಮುಗಿದಿಲ್ಲ, ನೋಡಿ. ಅಂಚು ಮುಟ್ಟಿದ್ದು ಸರಿ, ಕುಳಿ ಯಾರು ಅಳೀತಾರೆ? ಬಂಡಿ ಇಷ್ಟು ವರ್ಷ ನಡೆದು ಬಂತಲ್ಲ, ಹೆಚ್ಚೂಕಡಿಮೆ ಅಷ್ಟೇ ಅಗಲ ಇದೆ ಆ ಕುಳಿ. ಇನ್ನು ಅಂಚು ಸುತ್ತೋಕೆ ಹೊರಟರೆ ಎಷ್ಟು ವರ್ಷವೋ. ಹಾಲ್ ಇನ್ನು ಬೇಡ ಮಗಳೇ, ಒರೆಸಿಕೋ. ಕುಳಿ ಹೊಸ್ತಿಲಿನಿಂದ ಈಚೆಗೆ ಬರುತ್ತೆ. ಈ ಮಂಚ ಒಂದು ಅಡ್ಡ."

"ಮಂಚ ತೆಗೆದ್ರಾಯ್ತಪ್ಪ" ಎಂದಳು ನನ್ನ ಹೆಂಡತಿ. ಸಂತೋಷದಿಂದ ಅವಳ ಧ್ವನಿ ಉಕ್ಕುತ್ತಿತ್ತು. "ನಾನು ನಿಮ್ಮ ಕೋಣೇಲಿ ಮಲಗ್ತೀನಿ. ಇವರು ಎಲ್ಲಿ ಬೇಕಾದ್ರೂ ಮಲಗ್ತಾರೆ. ನಿಮಗೋಸ್ಕರ ಏನು ಬೇಕಾದ್ರೂ ಬಿಟ್ಟುಕೊಡ್ತಾರೆ ಇವರು. ಅಲ್ವೇನ್ರೀ?"

ನಾನು ತಲೆಯಾಡಿಸಿದೆ. ಬೇರೆ ದಾರಿ ಏನಿತ್ತು? ಬೇಕರಿಯವರು ಆಗಲೇ ಮಂಚದ ಕಾಲು ಹಿಡಿದಿದ್ದರು.

ಈಗ ನಡುಮನೆಯ ತುಂಬ ಶಾಲೆಯ ಪರದೆ ಹರಡಿದೆ, ಮಲಗುವ ಕೋಣೆಯ ತುಂಬ ಕುಳಿ. ನನ್ನ ಹಾಸಿಗೆ ಬಾಲ್ಕನಿಯಲ್ಲಿದೆ. ಮಾವನವರ ಖುಷಿ ಹೇಳತೀರದು. ಮನೆಗೆ ಬಂದವರಿಗೆಲ್ಲ ಅಳಿಯನ ಗುಣಗಾನ. ದೊಡ್ಡ ಮಗಳಿಗೆ ಫೋನು ಮಾಡಿ ಹೇಳಿದ್ದಾರೆ. ಅವಳು ಅದನ್ನು ಗಂಡನಿಗೆ ಹೇಳಿದ್ದಾಳೆ. ಆ ಮನುಷ್ಯ, ಅಂದರೆ ನನ್ನ ಷಡ್ಡಕ, ಈಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇಷ್ಟೆಲ್ಲ ಆದರೂ ಒಂದು ನಿಜ ಹೇಳುತ್ತೇನೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಒಳಗಿನಿಂದ ಮಾವನವರು ಮಗಳನ್ನು "ಟೇಪಿನ ಆ ತುದಿ ಹಿಡ್ಕೋ ಬಾರಮ್ಮ" ಎಂದು ಕರೆಯುವುದು ಕೇಳುತ್ತದಲ್ಲ, ಆಗ ನನ್ನ ಮನಸ್ಸು ಎಷ್ಟು ಹಗುರವಾಗುತ್ತದೆಂದರೆ ಬಾಲ್ಕನಿಯ ಸೊಳ್ಳೆಗಳೂ ಬಂಧುಗಳ ಹಾಗೆ ಕಾಣುತ್ತವೆ.

ನಿನ್ನೆ ಊಟಕ್ಕೆ ಕೂತಾಗ ಮಾತ್ರ ಸ್ವಲ್ಪ ಧೈರ್ಯ ಬಂತು.

"ಮಾವ, ಮಳೆ ಶುರುವಾದ್ರೆ ಬಾಲ್ಕನೀಲಿ ಮಲಗೋದು ಕಷ್ಟ ಆಗಬಹುದು. ಆ ಕುಳಿನ ಸ್ವಲ್ಪ ಚಿಕ್ಕದು ಮಾಡಿ ಬರೆದ್ರೆ..." ಎಂದು ಶುರು ಮಾಡಿದೆ.

ನನ್ನ ಹೆಂಡತಿ ತಲೆ ಎತ್ತದೆ, ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ, ತಂದೆಯ ಕಡೆಗೆ ತಳ್ಳತೊಡಗಿದಳು.

"ಏನಂದ್ರಿ ಅಳಿಯಂದಿರೇ?" ಎಂದರು ಮಾವನವರು.

"ಏನಿಲ್ಲ ಮಾವ. ಕುಳಿಗೆ ಜಾಗ ಸಾಲದಿದ್ರೆ ಬಾಲ್ಕನೀನೂ ಇದೆ ಅಂದೆ" ಎಂದು ಹೇಳಿ, ಊಟದ ತಟ್ಟೆಗಳನ್ನೆಲ್ಲ ಒಟ್ಟುಮಾಡಿಕೊಂಡು ತೊಳೆಯಲು ಎದ್ದೆ.